ಆಂಡ್ರಾಯ್ಡ್ ಆ್ಯಪಿನಲ್ಲಿ ಫೋನ್ ಎಲ್ಲಿದೆ ಅಂತ ಕೇಳುವ ಗೆಟ್‌ಲಾಸ್ಟ್‌ಲೊಕೇಶನ್ ಫಂಕ್ಷನ್ ನಲ್ (ಖಾಲಿ ಉತ್ತರ) ಕೊಟ್ಟರೆ, ಲೂಪ್ ಹಾಕಿ ಎಷ್ಟು ಸಲ ರೀಟ್ರೈ ಮಾಡಬೇಕು? ಕೊನೆಗೂ ಸಿಗದಿದ್ದರೆ 0,0 ಅಂತ ಹಾಕಿದ್ದೇನೆ.

ಒಂದು ಸಲವೂ ಬೇಡ. ಇದೇ ಲೂಪ್ ನಾನೂ ಬರೆದಿದ್ದೆ: ಎರಡು ಸೆಕೆಂಡಿಗೊಮ್ಮೆ, ಹತ್ತು ಸಲ, ಆಮೇಲೆ 'ಲೊಕೇಶನ್ ಸಿಗಲಿಲ್ಲ' ಅಂತ ಟೋಸ್ಟ್ (ಪರದೆ ಮೇಲೆ ಮಿಂಚಿ ಹೋಗುವ ಸಣ್ಣ ಸಂದೇಶ). ನನ್ನ ಫೋನಿನಲ್ಲಿ ಒಮ್ಮೆಯೂ ಕೈಕೊಡಲಿಲ್ಲ. ಬಳಸುವವರ ಫೋನಿನಲ್ಲಿ ಹತ್ತಕ್ಕೆ ಹತ್ತೂ ನಲ್.

ಆ ಫಂಕ್ಷನ್ ಜಿಪಿಎಸ್ಸನ್ನು ಎಬ್ಬಿಸೋದೇ ಇಲ್ಲ. ಫ್ಯೂಸ್ಡ್ ಲೊಕೇಶನ್ ಪ್ರೊವೈಡರ್ (ಫೋನಿನಲ್ಲಿ ಲೊಕೇಶನ್ ಒದಗಿಸುವ ಗೂಗಲ್ ಸೇವೆ) ಹತ್ತಿರ ಮೊದಲೇ ಇರುವ ಹಳೇ ಲೊಕೇಶನ್ ಎತ್ತಿ ಕೊಡುತ್ತೆ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿದರೆ ಹೀಗೆ ಕೂಡಿಟ್ಟದ್ದು (ಕ್ಯಾಶ್) ಅಳಿದುಹೋಗುತ್ತೆ. ಮತ್ತೆ ಆನ್ ಮಾಡಿ ಕೂಡಲೇ ಕೇಳಿದರೂ ನಲ್ಲೇ. ಹೊಸ ಫೋನ್, ಗೂಗಲ್ ಪ್ಲೇ ಸರ್ವಿಸಸ್ ರೀಸ್ಟಾರ್ಟ್ ಆದ ಫೋನ್ ಕಥೆಯೂ ಅದೇ. ನನ್ನ ಫೋನಿನಲ್ಲಿ ಮ್ಯಾಪ್ಸ್ ತುಂಬಿಸಿಟ್ಟ ಕೊಡದಿಂದ ನಾನು ಮೊಗೆಯುತ್ತಿದ್ದೆ. ಉಳಿದವರ ಫೋನಿನಲ್ಲಿ ಬಾವಿಗೆ ಹಗ್ಗ ಇಳಿಸದೆ ಖಾಲಿ ಕೊಡವನ್ನೇ ಹತ್ತು ಸಲ ಇಣುಕಿದ್ದಾಯ್ತು.

ಹೊಸದಾಗಿ ಲೊಕೇಶನ್ ಹುಡುಕುವ ಗೆಟ್‌ಕರೆಂಟ್‌ಲೊಕೇಶನ್ ಬಳಸಿ, ಪ್ರಯಾರಿಟಿ ಹೈ ಅಕ್ಯುರಸಿ, ಅವಧಿ 60 ಸೆಕೆಂಡ್. ಇಷ್ಟೇಕೆ ಅಂದರೆ, ನೆಟ್ ಇಲ್ಲದ ಕಡೆ ಕಕ್ಷೆಯ ಮಾಹಿತಿ ಉಪಗ್ರಹದಿಂದಲೇ ಬರಬೇಕು. ಜಿಪಿಎಸ್ ಉಪಗ್ರಹ ಅದನ್ನು ಕಳಿಸೋದು 30 ಸೆಕೆಂಡಿಗೊಮ್ಮೆ. ನನ್ನ 20 ಸೆಕೆಂಡಿನ ಲೂಪ್ ಜಿಪಿಎಸ್ ಎಬ್ಬಿಸಿದ್ದರೂ ಅಂಥ ಕಡೆ ಸೋಲುವ ಸಾಧ್ಯತೆಯೇ ಹೆಚ್ಚಿತ್ತು. ಗೆಟ್‌ಕರೆಂಟ್‌ಲೊಕೇಶನ್ ಕೂಡ ನಲ್ ಕೊಡಬಹುದು. ಆಗ ವಿಳಾಸ ಟೈಪ್ ಮಾಡಿಸಿ. ನೀವು ಬರೆದಿರುವ ಹಾಗೆ 0,0 ಮಾತ್ರ ಹಾಕಬೇಡಿ. ಅದು ಗಿನಿ ಕೊಲ್ಲಿಯ ನಡುನೀರು.

ಲೊಕೇಶನ್ ಕೇಳೋಕೆ ಮುಂಚೆ, ಸೆಟ್ಟಿಂಗ್ಸ್ ಸರಿಯಿದೆಯಾ ಅಂತ ನೋಡುವ ಚೆಕ್‌ಲೊಕೇಶನ್‌ಸೆಟ್ಟಿಂಗ್ಸ್ ಕರೆಯಿರಿ. ರಿಸಾಲ್ವಬಲ್ ಎಕ್ಸೆಪ್ಶನ್ (ಬಳಕೆದಾರರು ಸರಿಪಡಿಸಬಹುದಾದ ಎರರ್) ಬಂದರೆ, ಆ್ಯಪ್ ಬಿಟ್ಟು ಹೋಗದೆಯೇ ಲೊಕೇಶನ್ ಆನ್ ಮಾಡಿಸುವ ಡೈಲಾಗ್ ತೋರಿಸಬಹುದು.

ಪರ್ಮಿಷನ್ನಿನದು ಬೇರೆ ತಲೆನೋವು. ಆಂಡ್ರಾಯ್ಡ್ 12ರಿಂದ ಫೈನ್ (ನಿಖರ ಜಾಗ), ಕೋರ್ಸ್ (ಅಂದಾಜು ಜಾಗ) ಎರಡನ್ನೂ ಒಟ್ಟಿಗೇ ಕೇಳಬೇಕು. ಬಳಕೆದಾರರು 'ಅಪ್ರಾಕ್ಸಿಮೇಟ್' ಒತ್ತಿದರೆ ಸಿಗೋದು ಸುಮಾರು 3 ಚದರ ಕಿಲೋಮೀಟರಿನ ಅಂದಾಜು. ಅದು ಎರರ್ ಅಲ್ಲ, ರೀಟ್ರೈಯಿಂದ ಸರಿಹೋಗಲ್ಲ. ಆಂಡ್ರಾಯ್ಡ್ 11ರಿಂದ ಎರಡು ಸಲ ಬೇಡ ಅಂದರೆ ಡೈಲಾಗ್ ಮತ್ತೆ ಬರೋದೇ ಇಲ್ಲ, ಸೆಟ್ಟಿಂಗ್ಸ್‌ಗೇ ಕಳಿಸಬೇಕು.

ಐಫೋನಿನಲ್ಲಿ ಕೋರ್ ಲೊಕೇಶನ್ (ಆಪಲ್‌ನ ಲೊಕೇಶನ್ ವ್ಯವಸ್ಥೆ) ಎರರ್ 0 ಅಂದರೆ ಇನ್ನೂ ಸಿಕ್ಕಿಲ್ಲ, ಅಪ್‌ಡೇಟ್ಸ್ ಶುರು ಮಾಡಿದ್ದರೆ ಸುಮ್ಮನೆ ಕಾಯಿರಿ. 1 ಅಂದರೆ ಅನುಮತಿ ಇಲ್ಲ, ಅಪ್‌ಡೇಟ್ಸ್ ನಿಲ್ಲಿಸಿ.

ಟೆಸ್ಟ್ ಮಾಡುವಾಗ ಲೊಕೇಶನ್ ಆಫ್ ಮಾಡಿ, ಆನ್ ಮಾಡಿ, ಮ್ಯಾಪ್ಸ್ ಮುಟ್ಟದೆ ಮೊದಲು ನಿಮ್ಮ ಆ್ಯಪ್ ತೆರೆಯಿರಿ.