ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ತೂಕ ಮತ್ತೆ ಏರುತ್ತಿದೆ, ಹೊಟ್ಟೆ ಹಿಗ್ಗಿಬಿಟ್ಟಿತೇ?

ಒಂದೂವರೆ ವರ್ಷದ ಹಿಂದೆ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 38 ಕೆಜಿ ಇಳಿದಿದ್ದ ನಿಮಗೆ ಕಳೆದ ಮೂರು ತಿಂಗಳಲ್ಲಿ 4 ಕೆಜಿ ಮರಳಿ ಬಂದಿದೆ. ಹೊಟ್ಟೆ ಹಿಗ್ಗಿರಬಹುದೇ, ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದೀತೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಶಸ್ತ್ರಚಿಕಿತ್ಸೆಯಾಗಿ ಆರು ವರ್ಷ ಕಳೆದವನು. 118 ಕೆಜಿಯಿಂದ 76ಕ್ಕೆ ಇಳಿದು, ಮತ್ತೆ 83ಕ್ಕೆ ಏರಿ, ಈಗ ಮೂರು ವರ್ಷದಿಂದ 79ರ ಆಸುಪಾಸಿನಲ್ಲಿ ನಿಂತಿದ್ದೇನೆ.

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಸಪೂರ ಕೊಳವೆಯಾಗಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ ಆದ್ದರಿಂದ, ಮೊದಲ ವರ್ಷ ಹಸಿವೆಯೇ ಇಲ್ಲವೆಂಬಂತೆ ದಿನಗಳು ಕಳೆಯುತ್ತವೆ. ಆಮೇಲೆ ಕೊಳವೆ ತುಸು ಸಡಿಲಾಗುವುದೂ, ಹಸಿವು ಮರಳುವುದೂ, ಹಗುರಾದ ದೇಹ ಮೊದಲಿಗಿಂತ ಕಡಿಮೆ ಶಕ್ತಿಯಲ್ಲೇ ನಡೆದುಹೋಗುವುದೂ ಸಹಜ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಪ್ರಸಿದ್ಧ ಅಧ್ಯಯನದಲ್ಲಿ, ಬೈಪಾಸ್ (ಜಠರವನ್ನು ಪುಟ್ಟ ಚೀಲವಾಗಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸುವ, ತೂಕ ಇಳಿಸುವ ಇನ್ನೊಂದು ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿಸಿಕೊಂಡಿದ್ದರು. ಹತ್ತು ವರ್ಷ ಕಳೆದಾಗ ಅದು ಶೇ. 25ಕ್ಕೆ ಬಂದು ನಿಂತಿತ್ತು. ಸ್ಲೀವ್ ಆ ಅಧ್ಯಯನದಲ್ಲಿ ಇರಲಿಲ್ಲವಾದರೂ, ತಳ ಮುಟ್ಟಿ ಸ್ವಲ್ಪ ಮೇಲೇಳುವ ಈ ರೀತಿ ನಮಗೂ ಅನ್ವಯಿಸುತ್ತದೆ. ಆದ್ದರಿಂದ 4 ಕೆಜಿಯನ್ನು ಕಂಡು ಹೆದರಬೇಕಾಗಿಲ್ಲ. ಆದರೆ ಅದು ಮೂರೇ ತಿಂಗಳಲ್ಲಿ ಬಂದಿರುವುದರಿಂದ ಯಾವ ದಾರಿಯಿಂದ ಬಂತೆಂದು ಹುಡುಕಲೇಬೇಕು.

ನನಗೆ ಏರಿದ ಏಳು ಕೆಜಿಯ ಮೂಲ ಸಿಕ್ಕಿದ್ದು ಊಟದ ತಟ್ಟೆಯಲ್ಲಲ್ಲ. ಎರಡು ಇಡ್ಲಿ ತಿನ್ನಲೂ ಆಗದ ನಾನು ತೂಕ ಏರುತ್ತಿರುವುದನ್ನು ಕಂಡು ಯಂತ್ರವೇ ಕೆಟ್ಟಿದೆಯೆಂದು ಇನ್ನೊಂದನ್ನು ಕೊಂಡು ತಂದಿದ್ದೆ. ಅದೂ ಅದನ್ನೇ ಹೇಳಿತು. ಕೊನೆಗೆ ನಾಲ್ಕು ದಿನ ಬಾಯಿಗೆ ಹೋದದ್ದೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಾಗ ಕಂಡದ್ದು ಇಷ್ಟು: ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಕಚೇರಿಯಲ್ಲಿ ಎರಡು ಚಮಚ ಸಕ್ಕರೆಯ ಕಾಫಿ, ಅದರಲ್ಲಿ ಅದ್ದಿದ ನಾಲ್ಕು ಮಾರಿ ಬಿಸ್ಕತ್ತು, ರಾತ್ರಿ ಊಟ ಸೇರಲಿಲ್ಲವೆಂದು ಕಲಸಿಕೊಂಡ ಮಜ್ಜಿಗೆ ಅನ್ನ, ಟಿವಿಯ ಮುಂದೆ ಒಂದಷ್ಟು ಖಾರ ಮಂಡಕ್ಕಿ. ಕಾಫಿ ಬಿಸ್ಕತ್ತುಗಳದ್ದೇ ದಿನಕ್ಕೆ ಸುಮಾರು 400 ಕ್ಯಾಲೊರಿ. ಕಾಫಿಯಲ್ಲಿ ನೆನೆದ ಬಿಸ್ಕತ್ತು, ಬಾಯಲ್ಲೇ ಕರಗುವ ಮಂಡಕ್ಕಿ, ಗುಟುಕರಿಸುವ ಮಜ್ಜಿಗೆ ಅನ್ನ ಇವೆಲ್ಲ ಕೊಳವೆಯಲ್ಲಿ ನಿಲ್ಲದೆ ಜಾರಿಹೋಗುತ್ತವೆ. ತುಂಬಿದ ಅನುಭವವೇ ಆಗುವುದಿಲ್ಲ, ಅರ್ಧ ಗಂಟೆಗೆ ಮತ್ತೆ ಕೈ ಡಬ್ಬಿಗೆ ಹೋಗುತ್ತದೆ. ಬೈಪಾಸ್ ಆದವರಲ್ಲಿ ಅನೇಕರಿಗೆ ಸಿಹಿ ತಿಂದೊಡನೆ ಎದೆ ಬಡಿದುಕೊಂಡು ಬೆವರುವ ಶಿಕ್ಷೆಯಾದರೂ ಇದೆ; ಸ್ಲೀವ್ ಆದ ನಮಗೆ ಅದು ಅಷ್ಟಾಗಿ ಇರುವುದಿಲ್ಲ. ಹಾಗಾಗಿ ಹೊಟ್ಟೆ ಎಷ್ಟು ಹಿಗ್ಗಿದೆ ಎಂದು ಅಳೆಯುವ ಮೊದಲು, ಸಲೀಸಾಗಿ ಇಳಿಯುವುದು ಏನೇನು ಎಂದು ಬರೆದು ನೋಡಿ.

ಆಸ್ಪತ್ರೆಯಿಂದ ಬರುವಾಗ ನನಗೆ ಕೊಟ್ಟ ಆಹಾರಪಟ್ಟಿಯಲ್ಲಿ ಬ್ರೊಕೊಲಿಯೂ ಕಿನೋವಾವೂ ಇದ್ದವು. ನಮ್ಮ ಮನೆಯ ಅಡುಗೆಯ ಒಂದು ಸಾಲೂ ಇರಲಿಲ್ಲ. ನಾನು ಮಂಡ್ಯ ಸೀಮೆಯವನು, ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದೆಂದು ಕಲಿತು ಬೆಳೆದವನು. ಶಸ್ತ್ರಚಿಕಿತ್ಸೆಯಾದ ಐದನೆಯ ತಿಂಗಳು ಬಸ್ಸಾರಿನ ಆಸೆಗೆ ನಿಂಬೆಗಾತ್ರದ ಒಂದೇ ತುತ್ತು ನುಂಗಿದೆ. ಅದು ಎದೆಯ ನಡುವೆ ಕಲ್ಲಿನಂತೆ ಕೂತು, ಬಾಯಿ ತುಂಬ ನೊರೆ ಉಕ್ಕಿ, ಅರ್ಧ ಗಂಟೆ ಹಿತ್ತಲಿನ ಕಟ್ಟೆಯ ಮೇಲೆ ಕುಳಿತಿದ್ದೆ. ಅಗಿದೇ ತಿನ್ನುತ್ತೇನೆ ಎಂದು ನಾನು ಹೇಳಿದರೆ ನಮ್ಮ ತಾಯಿ, 'ಅಗಿಯೋ ಮುದ್ದೆಗೆ ರುಚಿ ಎಲ್ಲೈತಪ್ಪ' ಎಂದರು. ಕೊನೆಗೆ ಅವರೇ ದಾರಿ ಕಂಡುಕೊಂಡರು: ಅದೇ ರಾಗಿಹಿಟ್ಟಿಗೆ ಸೊಪ್ಪು ಸೇರಿಸಿ ತಟ್ಟಿದ ರೊಟ್ಟಿ. ಅದನ್ನು ಅಗಿಯದೆ ವಿಧಿಯಿಲ್ಲ, ಅರ್ಧ ರೊಟ್ಟಿಗೆ ಇಪ್ಪತ್ತು ನಿಮಿಷ ಬೇಕು, ನಾಲ್ಕು ಗಂಟೆ ಹಸಿವಿನ ಮಾತಿಲ್ಲ.

ತಟ್ಟೆಯಲ್ಲಿ ಮೊದಲು ತಿನ್ನಬೇಕಾದದ್ದು ಪ್ರೋಟೀನು. ದಿನಕ್ಕೆ ಕನಿಷ್ಠ 60 ಗ್ರಾಂ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತಿಳಿಸಾರಿನಲ್ಲಿ ಬೇಳೆ ಇದೆಯೆಂದು ನಾನು ಬಹಳ ದಿನ ನಂಬಿಕೊಂಡಿದ್ದೆ! ಲೆಕ್ಕ ಹಾಕಿದರೆ ಎರಡು ಮೊಟ್ಟೆಗೆ 12 ಗ್ರಾಂ, 100 ಗ್ರಾಂ ಪನೀರಿಗೆ ಸುಮಾರು 18, 50 ಗ್ರಾಂ ಒಣ ಹೆಸರುಕಾಳಿನ ಉಸಲಿಗೆ ಸುಮಾರು 12, 30 ಗ್ರಾಂ ಸೋಯಾ ಚಂಕ್ಸ್‌ಗೆ 15, ಒಂದು ಲೋಟ ಹಾಲಿಗೆ ಆರು. ಇಷ್ಟನ್ನೂ ಒಂದೇ ಹೊತ್ತಿಗೆ ತಿನ್ನಲಾಗದು, ಐದು ಹೊತ್ತಿಗೆ ಹಂಚಿಕೊಳ್ಳಬೇಕು. ನೀರನ್ನು ಊಟದ ಜೊತೆ ಕುಡಿಯದೆ, ಮುಗಿದ ಅರ್ಧ ಗಂಟೆಯ ನಂತರ ಕುಡಿಯುವ ನಿಯಮ ನಿಮಗೆ ಗೊತ್ತೇ ಇರುತ್ತದೆ. ಎರಡನೆಯ ವರ್ಷದಲ್ಲಿ ಎಲ್ಲರೂ ಮೊದಲು ಮರೆಯುವುದೂ ಅದನ್ನೇ.

ನಡಿಗೆ ಒಳ್ಳೆಯದು. ಆದರೆ ತೂಕದೊಡನೆ ಸ್ನಾಯುವೂ ಕರಗಿರುವುದರಿಂದ ಬರೀ ನಡಿಗೆ ಸಾಲದು. ವಾರಕ್ಕೆ ಎರಡು ಮೂರು ದಿನ ಡಂಬೆಲ್ಸ್ ಎತ್ತುವುದೋ ಬಸ್ಕಿ ಹೊಡೆಯುವುದೋ ಇರಲಿ.

ಮಾತ್ರೆಗಳ ವಿಷಯದಲ್ಲಿ ನನ್ನ ತಪ್ಪನ್ನು ನೀವು ಮಾಡಬೇಡಿ. ಮೂರನೆಯ ವರ್ಷ ಚೆನ್ನಾಗಿಯೇ ಇದ್ದೇನಲ್ಲ ಎಂದು ಬಿ12 ನಿಲ್ಲಿಸಿದೆ. ಎಂಟು ತಿಂಗಳಿಗೆ ಎರಡೂ ಪಾದಗಳಲ್ಲಿ ಜೋಮು ಹಿಡಿಯತೊಡಗಿ, ಚುಚ್ಚುಮದ್ದು ತೆಗೆದುಕೊಳ್ಳಬೇಕಾಯಿತು. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಜೀವನಪೂರ್ತಿಯ ಬಾಬತ್ತು, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಬಿಡಿ, ಕಬ್ಬಿಣದ ಮಾತ್ರೆಯನ್ನು ಕಾಫಿಯೊಡನೆ ನುಂಗಬೇಡಿ.

ಇನ್ನೊಂದು ಶಸ್ತ್ರಚಿಕಿತ್ಸೆಯ ಪ್ರಶ್ನೆಗೆ ಬಂದರೆ, ಸ್ಲೀವನ್ನು ಬೈಪಾಸ್ ಆಗಿ ಬದಲಿಸುವುದುಂಟು. ಅದು ಮುಖ್ಯವಾಗಿ ತಡೆಯಲಾರದ ಎದೆಯುರಿ ಇರುವವರಿಗೆ ಅಥವಾ ಇಳಿದ ತೂಕದ ಬಹುಪಾಲು ಮರಳಿದವರಿಗೆ. ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳನ್ನೂ ಈಗ ವೈದ್ಯರು ಇಂಥ ಸಂದರ್ಭದಲ್ಲಿ ಬಳಸುತ್ತಾರೆ. ನಿಮ್ಮದು ಇನ್ನೂ ಆ ಹಂತವಲ್ಲ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ನನಗೆ 81 ಗಡಿ. ಅದನ್ನು ದಾಟಿದ ವಾರ ಬಿಸ್ಕತ್ತಿನ ಡಬ್ಬಿ ಮನೆಯಿಂದ ಹೊರಗೆ. ಎರಡು ತಿಂಗಳು ಹೀಗೆ ಮಾಡಿಯೂ ತೂಕ ಏರುತ್ತಲೇ ಇದ್ದರೆ, ಅಥವಾ ಈಗಲೇ ವಾಂತಿ, ಎದೆಯುರಿ ಇದ್ದರೆ, ಆ ಚೀಟಿಯನ್ನು ಜೊತೆಗಿಟ್ಟುಕೊಂಡು ನಿಮ್ಮ ಶಸ್ತ್ರವೈದ್ಯರ ಬಳಿಗೆ ಹೋಗಿ.