ಅರ್ಧ ತೆರೆದ ಗೇಟು

ಪತ್ರ: ಚಿನ್ನಸ್ವಾಮಿ ಕ್ರೀಡಾಂಗಣದ ದುರಂತದ ನಂತರ ಮಕ್ಕಳನ್ನು ಪಂದ್ಯಕ್ಕೆ ಕಳಿಸಲು ಹೆದರಿಕೆಯಾಗುತ್ತದೆ. ನಮ್ಮಲ್ಲೂ ಪೊಲೀಸರನ್ನು ಜಾಸ್ತಿ ಹಾಕಬೇಕು, ಬ್ಯಾಗ್ ತಪಾಸಣೆ ಬಿಗಿ ಮಾಡಬೇಕು, ಟಿಕೆಟ್ ಇಲ್ಲದವರು ನುಗ್ಗದಂತೆ ಗೇಟಿಗೆ ಬೀಗ ಜಡಿಯಬೇಕು. ಏನಂತೀರಿ?
– ಓದುಗರೊಬ್ಬರು, ಅಜ್ಜರಕಾಡು, ಉಡುಪಿ

ಉತ್ತರ: ನಿಮ್ಮ ಹೆದರಿಕೆ ಸರಿಯೇ. ಆದರೆ ಬೀಗದ ಮಾತು ಓದಿ ನನಗೇ ಹೆದರಿಕೆಯಾಯಿತು ಮಾರಾಯ್ರೆ.

2025ರ ಜೂನ್ 4ರಂದು ಚಿನ್ನಸ್ವಾಮಿಯಲ್ಲಿ 11 ಜನ ಸತ್ತದ್ದು ಗ್ಯಾಲರಿಯಲ್ಲಲ್ಲ, ಹೊರಗೆ, ಗೇಟುಗಳ ಹತ್ತಿರ. ಒಳಗೆ ಹಿಡಿಯುವುದು ಸುಮಾರು 35 ಸಾವಿರ. ಬಂದವರು ಲಕ್ಷಗಟ್ಟಲೆ. ಬಾಗಿಲು ಮುಚ್ಚಿದ್ದು ಮುಂದೆ ಇದ್ದವನಿಗೆ ಕಾಣುತ್ತದೆ. ಐವತ್ತು ಸಾಲು ಹಿಂದಿನವನಿಗೆ ಎಲ್ಲಿ ಕಾಣಬೇಕು? ಅವನು ತಳ್ಳುತ್ತಲೇ ಇರುತ್ತಾನೆ. 'ಕಾಲ್ತುಳಿತ' ಎಂದು ನಾವೂ ಬರೆದೆವು, ಜನ ಓಡಿ ತುಳಿದ ಹಾಗೆ. ಇಂಥ ನೂಕುನುಗ್ಗಲಿನಲ್ಲಿ ಹೆಚ್ಚಿನವರು ಸಾಯುವುದು ನಿಂತಲ್ಲೇ, ಎದೆ ಅಮುಕಿ, ಉಸಿರು ಕಟ್ಟಿ.

ಇಂಗ್ಲೆಂಡಿನ ಎರಡು ಕತೆ ಕೇಳಿ. 1985ರ ಮೇ 11ರಂದು ಬ್ರಾಡ್‌ಫರ್ಡ್‌ನ ಫುಟ್‌ಬಾಲ್ ಮೈದಾನದಲ್ಲಿ ಮರದ ಗ್ಯಾಲರಿಗೆ ಬೆಂಕಿ ಬಿತ್ತು. ಹಿಂದಿನ ಬಾಗಿಲುಗಳಿಗೆ ಬೀಗ. 56 ಜನ ಸತ್ತರು. ಮೈದಾನದ ಕಡೆ ಬೇಲಿ ಇರಲಿಲ್ಲ, ಹಾಗಾಗಿ ಆ ಕಡೆ ಇಳಿದವರು ಉಳಿದರು. ನಾಲ್ಕು ವರ್ಷದ ಮೇಲೆ, 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಎಂಬ ಫುಟ್‌ಬಾಲ್ ಮೈದಾನದಲ್ಲಿ ಬೇಲಿ ಇತ್ತು. ಪುಂಡರು ಮೈದಾನಕ್ಕೆ ನುಗ್ಗಬಾರದೆಂದು ಹಾಕಿದ್ದು. ಜನ ಅದಕ್ಕೇ ಒತ್ತಿ ನಜ್ಜುಗುಜ್ಜಾದರು. ಒಟ್ಟು 97 ಸಾವು.

ದೂರದ ಮಾತು ಯಾಕೆ? ಹಿಂದೊಮ್ಮೆ ಮಂಗಳೂರಿನಲ್ಲಿ ಹೊನಲು ಬೆಳಕಿನ ಕಬಡ್ಡಿಗೆ ಹೋಗಿದ್ದೆ. ಫೈನಲ್ ಮುಗಿದು ಎಲ್ಲರೂ ಎದ್ದೆವು. ಗೇಟಿನ ಒಂದು ಬಾಗಿಲು ಮಾತ್ರ ತೆರೆದಿತ್ತು, ಇನ್ನೊಂದಕ್ಕೆ ಸರಪಳಿ. ಸಾಲದ್ದಕ್ಕೆ ಅಲ್ಲೇ ಚರುಂಬುರಿ ಗಾಡಿ. ಎಲ್ಲರೂ ಅಡ್ಡ ತಿರುಗಿ ನುಸುಳುತ್ತಿದ್ದರು. ಹೆಗಲ ಮೇಲಿದ್ದ ಮಗುವೊಂದರ ಚಪ್ಪಲಿ ಬಿತ್ತು. ಅಪ್ಪ ಬಗ್ಗಲಿಲ್ಲ. ಬಗ್ಗಲು ಜಾಗವೇ ಇರಲಿಲ್ಲ. "ಕೀಲಿ ಯಾರತ್ರ ಉಂಟು?" ಎಂದು ಸ್ವಯಂಸೇವಕ ಹುಡುಗನನ್ನು ಕೇಳಿದೆ. "ಅವರು ಚಾ ಕುಡಿಲಿಕ್ಕೆ ಹೋಗಿದ್ದಾರೆ" ಅಂದ.

ಸುಮ್ನೆ ಒಂದು ಲೆಕ್ಕ ಹಾಕೋಣ. ಬ್ರಿಟನ್ನಿನ ಕ್ರೀಡಾಂಗಣ ಕೈಪಿಡಿಯ ಪ್ರಕಾರ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಹುದು. ಮೆಟ್ಟಿಲಾದರೆ 66. ಎಲ್ಲರೂ ಎಂಟು ನಿಮಿಷದೊಳಗೆ ಹೊರಗೆ ಹರಿದು ಹೋಗಬೇಕು. ಐದು ಸಾವಿರ ಜನಕ್ಕೆ ಎಂಟು ಮೀಟರ್ ಅಗಲದ ದಾರಿ ಬೇಕಾಯಿತು. ಆ ಅರ್ಧ ಗೇಟು ಒಂದೂವರೆ ಮೀಟರ್ ಇದ್ದೀತು. ಅಂದರೆ ನಲವತ್ತು ನಿಮಿಷ! ಶಾರ್ಟ್ ಸರ್ಕ್ಯೂಟ್ ಆಗಿ ಶಾಮಿಯಾನಕ್ಕೆ ಕಿಡಿ ತಾಗಿದ್ದರೆ?

ಪೊಲೀಸರ ಸಂಖ್ಯೆ ಹೆಚ್ಚಿಸಲಿ, ಬೇಡ ಅನ್ನುವುದಿಲ್ಲ. ಆದರೆ 2022ರ ಅಕ್ಟೋಬರ್ 1ರಂದು ಇಂಡೊನೇಷ್ಯಾದ ಕಂಜುರುಹಾನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಪೊಲೀಸರಿಗೇನೂ ಕಡಿಮೆ ಇರಲಿಲ್ಲ. ಅವರೇ ಗ್ಯಾಲರಿಯತ್ತ ಅಶ್ರುವಾಯು ಹಾರಿಸಿದರು. ಜನ ಕಣ್ಣುಜ್ಜಿಕೊಂಡು ಬಾಗಿಲಿಗೆ ಓಡಿದರು. 135 ಸಾವು.

ಬ್ಯಾಗ್ ತಪಾಸಣೆಯೂ ಬೇಕು. 2010ರಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಬಾಂಬ್ ಸಿಡಿದದ್ದು ನೆನಪಿದೆ ಅಲ್ವಾ? ಆದರೆ ತಪಾಸಣೆಯ ಮೇಜನ್ನು ಗೇಟಿನ ಬಾಯಲ್ಲೇ ಇಟ್ಟರೆ ಅಲ್ಲೇ ಜನ ಗಂಟು ಬೀಳುತ್ತಾರೆ. ಬಯಲು ಇರುವ ಕಡೆ, ದೂರದಲ್ಲೇ ನೋಡಿ ಬಿಡಬೇಕು. ಟಿಕೆಟ್ ಇಲ್ಲದವರನ್ನು ತಡೆಯುವುದೂ ಅಲ್ಲೇ.

ನಮ್ಮ ಕಡೆ ಇನ್ನೊಂದು ತಲೆನೋವು ತಾತ್ಕಾಲಿಕ ಗ್ಯಾಲರಿ. ಮೂರು ದಿನದ ಪಂದ್ಯಕ್ಕೆ ಕಂಬ, ಹಲಗೆ ಕಟ್ಟಿ ನಿಲ್ಲಿಸುವುದು. 2021ರಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ಜೂನಿಯರ್ ಕಬಡ್ಡಿಯ ಹೊತ್ತಿಗೆ ಅಂಥದ್ದೇ ಒಂದು ಕುಸಿದು ನೂರರಷ್ಟು ಜನ ಗಾಯಗೊಂಡರು. ಕಟ್ಟಿದ ಮೇಲೆ ಎಂಜಿನಿಯರ್ ಬಂದು ನೋಡಿದ್ದಾರಾ ಎಂದು ಸಂಘಟಕರನ್ನು ಕೇಳಲು ಸಂಕೋಚ ಬೇಡ.

ಮಕ್ಕಳನ್ನು ಕಳಿಸಿ, ನೀವೂ ಹೋಗಿ. ಕುಳಿತ ಕೂಡಲೇ ಬಂದ ದಾರಿ ಬಿಟ್ಟು ಇನ್ನೊಂದು ದಾರಿ ಎಲ್ಲಿದೆ ಎಂದು ಅವರಿಗೆ ತೋರಿಸಿ. ಅದಕ್ಕೆ ಸರಪಳಿ ಕಂಡರೆ ಪಂದ್ಯ ಶುರುವಾಗುವ ಮೊದಲೇ ಎದ್ದು ಹೋಗಿ ಜಗಳ ಮಾಡಿ.
– ಸಂಪಾದಕ