ಆರೋಗ್ಯ ಪ್ರಶ್ನೋತ್ತರ: ವೀಕ್ಷಣಾಲಯದ ಹುಡುಗರಿಗೆ ಎಚ್‌ಐವಿ ಪಾಠ

ಪ್ರಶ್ನೆ: ಅಪರಾಧದ ಆರೋಪ ಹೊತ್ತ ಹುಡುಗರನ್ನು ವಿಚಾರಣೆಯ ಕಾಲದಲ್ಲಿ ಇಡುವ ಬಾಲಕರ ವೀಕ್ಷಣಾಲಯವೊಂದರಲ್ಲಿ ತಿಂಗಳಿಗೊಮ್ಮೆ ಆರೋಗ್ಯದ ತರಗತಿ ತೆಗೆದುಕೊಳ್ಳುತ್ತೇನೆ. 14ರಿಂದ 17 ವರ್ಷದ ಇಪ್ಪತ್ತು ಹುಡುಗರು, ಮುಕ್ಕಾಲು ಗಂಟೆ. ಎಚ್‌ಐವಿ ಎಂದೊಡನೆ ಅರ್ಧ ಜನ ನಗುತ್ತಾರೆ, ಉಳಿದವರು ತಲೆ ತಗ್ಗಿಸುತ್ತಾರೆ. ಮುಂದಿನ ತಿಂಗಳು ಹೋದರೆ ಮುಖಗಳೇ ಬೇರೆ. ಹೇಗೆ ಕಲಿಸಲಿ? (ಸ್ವಯಂಸೇವಕಿ)

ಉತ್ತರ: ಜಾಮೀನು ಸಿಕ್ಕ ಹುಡುಗ ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾನೆ. ಆದ್ದರಿಂದ ಪಾಠವನ್ನು ಕಂತುಗಳಾಗಿ ಕಟ್ಟಬೇಡಿ. ಇವತ್ತು ಎದುರಿಗೆ ಕೂತವನಿಗೆ ಇದೊಂದೇ ತರಗತಿ ಎಂದುಕೊಂಡು ಮುಖ್ಯವಾದುದನ್ನೆಲ್ಲ ಇವತ್ತೇ ಹೇಳಿ.

ಶುರುವಿನಲ್ಲೇ ಎರಡು ಮಾತು ಸ್ಪಷ್ಟವಾಗಲಿ. ಇಲ್ಲಿ ಯಾರೂ ತಮ್ಮ ಕಥೆ ಹೇಳಬೇಕಿಲ್ಲ, ಎಲ್ಲ ಪ್ರಶ್ನೆಯೂ ‘ಒಬ್ಬ ಹುಡುಗ ಇದ್ದ’ ಎಂದೇ ಶುರುವಾಗಲಿ. ಇನ್ನೊಂದು, ಯಾರಾದರೂ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಹೇಳಿದರೆ ನೀವು ಅದನ್ನು ಮುಚ್ಚಿಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವರದಿ ಮಾಡಲೇಬೇಕು. ಇದನ್ನು ಮೊದಲೇ ಹೇಳದೆ, ಹುಡುಗ ನಂಬಿ ಬಾಯಿಬಿಟ್ಟ ಮೇಲೆ ಹೇಳಿದರೆ ಅವನು ಮತ್ತೆಂದೂ ಯಾರನ್ನೂ ನಂಬುವುದಿಲ್ಲ. ಕಾವಲಿನವರು ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಮಾತು ಕೇಳಿಸುವಷ್ಟು ಹತ್ತಿರ ಬೇಡ. ಅಧೀಕ್ಷಕರೊಂದಿಗೆ ಮೊದಲೇ ಮಾತಾಡಿ ಒಪ್ಪಿಸಿ.

ಹೆಸರು ಹಾಕದೆ ಪ್ರಶ್ನೆ ಬರೆದುಕೊಡುವ ಚೀಟಿ ಒಳ್ಳೆಯ ಉಪಾಯ, ಆದರೆ ಎಲ್ಲರ ಕೈಗೂ ಒಂದೇ ಥರದ ಚೀಟಿ, ಒಂದೇ ಥರದ ಪೆನ್ಸಿಲ್ ಕೊಡಿ (ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯಿರಿ). ಪ್ರಶ್ನೆ ಇಲ್ಲದವನೂ ಒಂದು ಸಾಲು ಬರೆಯಲಿ. ಇಲ್ಲದಿದ್ದರೆ ಬರೆದವನು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಶಾಲೆ ಬಿಟ್ಟವರು, ಕನ್ನಡ ಓದಲು ಬಾರದವರು ಇದ್ದರೆ ಚೀಟಿ ಬಿಟ್ಟು ಚಿತ್ರದ ಕಾರ್ಡು ಹಿಡಿಯಿರಿ.

ಕೈಕುಲುಕುತ್ತಾ ಹೋಗಿ ಕೊನೆಗೆ ‘ನಿನಗೆ ಸೋಂಕು ಬಂತು’ ಎನ್ನುವ ಆಟ ಕಾಲೇಜುಗಳಲ್ಲಿ ನಡೆಯುತ್ತದೆ. ಇಲ್ಲಿ ಖಂಡಿತ ಬೇಡ. ರಾತ್ರಿ ಮಲಗುವ ಕೋಣೆಯಲ್ಲಿ ಅದೇ ಆ ಹುಡುಗನ ಅಡ್ಡಹೆಸರಾಗುತ್ತದೆ. ಹೆದರಿಸುವ ಫೋಟೊಗಳೂ ಬೇಡ. ಈಗಾಗಲೇ ಸೂಜಿ ಹಂಚಿಕೊಂಡವನು ‘ನನ್ನ ಕಥೆ ಮುಗಿಯಿತು, ಇನ್ನೇನು ಕಾಪಾಡಿಕೊಳ್ಳುವುದು’ ಎಂದುಕೊಳ್ಳುತ್ತಾನೆ.

ಅವರ ಬದುಕಿನಲ್ಲಿರುವ ವಸ್ತುಗಳಿಂದಲೇ ಪಾಠ ಎತ್ತಿಕೊಳ್ಳಿ: ಹಚ್ಚೆಯ ಸೂಜಿ, ಸಿರಿಂಜ್, ಬ್ಲೇಡು. ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಎಚ್‌ಐವಿ ವಾರಗಟ್ಟಲೆ ಬದುಕಿರಬಲ್ಲದು. ನೀರಲ್ಲಿ ತೊಳೆದರೆ ಸಾಲದು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಉಳಿಯುತ್ತದೆ, ಅದಕ್ಕೇ ಬ್ಲೇಡು ಹಂಚಿಕೊಳ್ಳಬಾರದು. ಊಟದ ತಟ್ಟೆ, ಶೌಚಾಲಯ, ಸೊಳ್ಳೆ, ಬೆವರಿನಿಂದ ಎಚ್‌ಐವಿ ಬರುವುದಿಲ್ಲ ಎನ್ನುವುದು ಒಂದು ನಿಮಿಷದ ಮಾತು.

ಲೈಂಗಿಕತೆಯ ಮಾತು ಬಂದಾಗ ಗಂಡು–ಹೆಣ್ಣಿನ ಸಂಬಂಧಕ್ಕಷ್ಟೇ ನಿಲ್ಲಬೇಡಿ. ಸೋಂಕಿನ ಅಪಾಯ ಅತಿ ಹೆಚ್ಚಿರುವುದು ಕಾಂಡೋಮ್ ಇಲ್ಲದ ಗುದಸಂಭೋಗದಲ್ಲಿ. ಹುಡುಗರೇ ಇರುವ ಕಡೆ ಇದನ್ನು ನುಂಗಿಕೊಂಡರೆ ಪಾಠ ಅರ್ಧವಾಯಿತು. ಕಾಂಡೋಮ್ ತೋರಿಸಲು ಜಿಲ್ಲಾಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕರಿಂದ ಮರದ ಮಾದರಿಯನ್ನು ಎರವಲು ಕೇಳಿ. ತಾರೀಖು ನೋಡಬೇಕು, ಪೊಟ್ಟಣ ಅದುಮಿ ಗಾಳಿ ಇದೆಯೇ ಎಂದು ಪರೀಕ್ಷಿಸಬೇಕು, ಹಲ್ಲಿನಿಂದ ಹರಿಯಬಾರದು, ತುದಿ ಹಿಂಡಿ ಗಾಳಿ ತೆಗೆದು ಬುಡದವರೆಗೆ ಬಿಡಿಸಬೇಕು. ತಿರುಗುಮುರುಗಾಗಿ ಇಟ್ಟಿದ್ದರೆ ಅದನ್ನೇ ಮಗುಚಿ ಹಾಕದೆ ಎಸೆದು ಹೊಸದು ತೆಗೆಯಬೇಕು. ಹರಿಯುವುದಕ್ಕೆ ಸಾಮಾನ್ಯ ಕಾರಣಗಳು ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚುವುದು, ಒಂದರ ಮೇಲೊಂದು ಎರಡು ಹಾಕುವುದು, ಪರ್ಸಿನ ಬಿಸಿಯಲ್ಲಿ ತಿಂಗಳುಗಟ್ಟಲೆ ಇಡುವುದು.

ಕೊನೆಯ ಹತ್ತು ನಿಮಿಷ ‘ಬೇಡ’ ಎನ್ನುವುದರ ಅಭ್ಯಾಸಕ್ಕಿರಲಿ. ದೊಡ್ಡ ಹುಡುಗ ಸೂಜಿ ಚಾಚಿದಾಗ ಏನು ಹೇಳುತ್ತೀಯ? ಉತ್ತರ ನಿಮ್ಮ ಬಾಯಿಂದ ಬೇಡ, ಅವರ ಭಾಷೆಯಲ್ಲೇ ಬರಲಿ. ‘ನಂದು ನಂಗೆ, ನಿಂದು ನಿಂಗೆ’ ಎನ್ನುವಷ್ಟು ಚಿಕ್ಕದಾಗಿರಲಿ. ಹೊರಡುವ ಮೊದಲು 1097 ಎನ್ನುವ ಉಚಿತ ಸಹಾಯವಾಣಿ ಸಂಖ್ಯೆಯನ್ನು ಎಲ್ಲರಿಂದಲೂ ಬಾಯಿಪಾಠ ಮಾಡಿಸಿ, ಚೀಟಿ ಕಳೆದುಹೋಗುತ್ತದೆ.

ಪ್ರಶ್ನೆ: ಹೊಸದಾಗಿ ಬಂದ ಹುಡುಗರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡಿಸಿ, ಸೋಂಕಿದ್ದವರನ್ನು ಬೇರೆ ಕೋಣೆಯಲ್ಲಿ ಇಡಬೇಕೆಂದು ಸಿಬ್ಬಂದಿ ಕೇಳುತ್ತಿದ್ದಾರೆ. ಸರಿಯೇ? (ಗೃಹಪಾಲಕ)

ಉತ್ತರ: ಸರಿಯಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಪ್ರತ್ಯೇಕಿಸುವಂತಿಲ್ಲ. ಅದೇ ಕಾಯ್ದೆಯ 31ನೇ ಕಲಂ, ಬಾಲನ್ಯಾಯ ಕಾಯ್ದೆಯಡಿ ಸರ್ಕಾರದ ವಶದಲ್ಲಿರುವವರಿಗೂ ಎಚ್‌ಐವಿ ತಡೆ, ಆಪ್ತಸಮಾಲೋಚನೆ, ಪರೀಕ್ಷೆ, ಚಿಕಿತ್ಸೆಯ ಹಕ್ಕಿದೆ ಎನ್ನುತ್ತದೆ. ಆ ಹಕ್ಕನ್ನು ಬಲವಂತದ ಪರೀಕ್ಷೆಯನ್ನಾಗಿ ಮಾಡಬಾರದು. ಸಿಬ್ಬಂದಿಯ ಭಯಕ್ಕೆ ಪರಿಹಾರ ಕೈಗವಸು: ಯಾರದೇ ರಕ್ತವಿರಲಿ, ಸೋಂಕಿದೆ ಎಂದೇ ಭಾವಿಸಿ ಒರೆಸಿ.

ನೀವು ನಿಜವಾಗಿ ಚಿಂತಿಸಬೇಕಾದದ್ದು ಬೇರೆಯೇ ಇದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವ ಹುಡುಗ ಠಾಣೆಯಿಂದ ನಿಮ್ಮಲ್ಲಿಗೆ ಬರುವಾಗ ಮಾತ್ರೆ ಮನೆಯಲ್ಲೇ ಉಳಿದಿರುತ್ತದೆ. ಬಂದ ದಿನವೇ ಖಾಸಗಿಯಾಗಿ ‘ದಿನಾ ಯಾವುದಾದರೂ ಮಾತ್ರೆ ತಗೋತೀಯಾ?’ ಎಂದು ಎಲ್ಲ ಹುಡುಗರನ್ನೂ ಕೇಳಿ. ಬಾಲನ್ಯಾಯ ಮಂಡಳಿಗೆ ಹಾಜರಾಗುವ ದಿನ ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಮಾತ್ರೆಯನ್ನು ಸಾದಾ ಡಬ್ಬಿಯಲ್ಲಿಡಿ. ದಾಖಲೆ ಬೀಗದ ಕಪಾಟಿನಲ್ಲಿರಲಿ.

ಪ್ರಶ್ನೆ: ನನ್ನ ಮಗ ವೀಕ್ಷಣಾಲಯದಲ್ಲಿದ್ದಾನೆ. ಹತ್ತು ದಿನದ ಹಿಂದೆ ಒಂದೇ ಸೂಜಿಯಲ್ಲಿ ನಾಲ್ವರು ಹಚ್ಚೆ ಹಾಕಿಕೊಂಡರಂತೆ. ಈಗ ಏನು ಮಾಡಲಿ? (ತಾಯಿ)

ಉತ್ತರ: ತಾಯಿ, ಮೊದಲು ಅವನನ್ನು ಬೈಯಬೇಡಿ, ನಿಮಗೆ ಹೇಳಿದನಲ್ಲ. ಸೋಂಕು ತಗಲದಂತೆ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಆ ಗಡುವು ಈಗ ದಾಟಿದೆ. ಬೇರೆ ಹುಡುಗರಲ್ಲಿ ಯಾರಾದರೂ ಇತ್ತೀಚೆಗೆ ಹಾಕಿಸಿಕೊಂಡಿದ್ದರೆ ಇವತ್ತೇ ವೈದ್ಯರಿಗೆ ತೋರಿಸಲು ಅಧೀಕ್ಷಕರಿಗೆ ತಿಳಿಸಿ.

ನಿಮ್ಮ ಮಗನಿಗೆ ಐಸಿಟಿಸಿಯಲ್ಲಿ ಉಚಿತ ಪರೀಕ್ಷೆ ಮಾಡಿಸಿ. ಹದಿನೆಂಟು ತುಂಬದ ಕಾರಣ ನಿಮ್ಮ ಒಪ್ಪಿಗೆ ಬೇಕು; ಅವನಿಗೂ ವಿವರಿಸಿ ಕೇಳಲಿ. ಈಗ ‘ಇಲ್ಲ’ ಎಂದು ಬಂದರೆ ಹಚ್ಚೆಗೆ ಮೊದಲು ಸೋಂಕಿರಲಿಲ್ಲ ಎಂದಷ್ಟೇ ತಿಳಿಯಬಹುದು, ಹತ್ತು ದಿನಕ್ಕೆ ಹೊಸ ಸೋಂಕು ಪರೀಕ್ಷೆಗೆ ಸಿಗುವುದಿಲ್ಲ. ಹಚ್ಚೆ ಹಾಕಿಸಿಕೊಂಡು ಆರು ವಾರವಾದಾಗ ಒಂದು ಸಲ, ಮೂರು ತಿಂಗಳಾದಾಗ ಇನ್ನೊಂದು ಸಲ ಮತ್ತೆ ಮಾಡಿಸಬೇಕು. ಹೆಪಟೈಟಿಸ್ ಬಿ, ಸಿ ಪರೀಕ್ಷೆ, ಟಿಟನಸ್ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಅಷ್ಟರಲ್ಲಿ ಜಾಮೀನು ಸಿಕ್ಕರೆ ಮುಂದಿನ ಪರೀಕ್ಷೆ ಮರೆತುಹೋಗುವುದೇ ಹೆಚ್ಚು. ತಾರೀಖುಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮೊದಲ ವರದಿಯನ್ನು ಜೋಪಾನವಾಗಿಟ್ಟುಕೊಳ್ಳಿ. ಆ ವರದಿ ಹಿಡಿದು ನಿಮ್ಮ ಮನೆಗೆ ಹತ್ತಿರದ ಯಾವ ಐಸಿಟಿಸಿಗಾದರೂ ಹೋಗಬಹುದು.